ಕದ್ದ ಲೇಖನ ಮೇಲೆ, ನಮ್ಮದು ಕೆಳಗೆ: ಯಾವ ದೂರು ಕೆಲಸಕ್ಕೆ ಬರುತ್ತದೆ?

ನಾವು ಬರೆದದ್ದನ್ನು ಇನ್ಯಾರೋ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ. ಗೂಗಲ್‌ನಲ್ಲಿ ಹುಡುಕಿದರೆ ಅವರದ್ದೇ ಮೇಲೆ, ನಮ್ಮದು ಕೆಳಗೆ. ಕನ್ನಡದಲ್ಲಿ ವೆಬ್‌ಸೈಟ್ ನಡೆಸುವವರಿಗೆ ಇದು ಹೊಸದಲ್ಲ. ಆಮೇಲೆ ಶುರುವಾಗುವುದು ಸಲಹೆಗಳ ಸುರಿಮಳೆ. ಸ್ಪ್ಯಾಮ್ ರಿಪೋರ್ಟ್ ಮಾಡಿ ಅನ್ನುವವರು ಒಬ್ಬರು, ಕಾಪಿರೈಟ್ ನೋಟಿಸ್ ಹಾಕಿ ಅನ್ನುವವರು ಇನ್ನೊಬ್ಬರು. ಲಿಂಕ್ ಡಿಸ್‌ಅವೋ ಮಾಡಿ (ಅಂದರೆ ಅದು ನನ್ನ ಲೆಕ್ಕಕ್ಕೆ ಬೇಡ ಅನ್ನಿ), ಸೈಟ್‌ಗೆ ಸರ್ವರ್ ಜಾಗ ಕೊಡುವ ಹೋಸ್ಟಿಂಗ್‌ನವರಿಗೆ ಬರೆಯಿರಿ, ಹೀಗೆ ಪಟ್ಟಿ ಬೆಳೆಯುತ್ತದೆ. ನಾನು ಈ ನಾಲ್ಕನ್ನೂ ಮಾಡಿ ನೋಡಿದ್ದೇನೆ. ನಾಲ್ಕೂ ಒಂದೇ ಕೆಲಸಕ್ಕೆ ಇರುವ ಬೇರೆ ಬೇರೆ ಬಾಗಿಲುಗಳಲ್ಲ. ಒಂದೊಂದರ ಕೆಲಸವೇ ಬೇರೆ.

ನನ್ನದು ತೋಟ, ಬೆಳೆ, ರೋಗಗಳ ಬಗ್ಗೆ ಬರೆಯುವ ಸಣ್ಣ ಸೈಟ್. ಅದರಲ್ಲಿ ಜಾಸ್ತಿ ಜನ ಓದುವುದು ಅಡಿಕೆ ಕೊಳೆ ರೋಗ ಮತ್ತು ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಲೇಖನ. ಮುಂಗಾರಿಗೆ ಮುಂಚೆ ಮೊದಲ ಸಿಂಪಡಣೆ, 40-45 ದಿನ ಬಿಟ್ಟು ಎರಡನೆಯದು. ಹಾಗಾಗಿ ಪ್ರತಿ ವರ್ಷ ಮೇ ಕೊನೆಗೆ ಓದುಗರು ಏರುತ್ತಾರೆ. ಕದ್ದವರಿಗೂ ಈ ಲೆಕ್ಕ ಗೊತ್ತು.

ದೂರಿಗೆ ಹೋಗುವ ಮುಂಚೆ ಒಂದು ವಿಷಯ ಬೇರ್ಪಡಿಸಿಕೊಳ್ಳಬೇಕು. ನಮ್ಮ ಸ್ಥಾನ ಕುಸಿದದ್ದು ಕಳ್ಳನಿಂದಲೋ, ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರ ಬದಲಿಸುವ ಅಪ್‌ಡೇಟ್‌ನಿಂದಲೋ? ಇದನ್ನು ಊಹಿಸಿ ಹೇಳಬೇಕಿಲ್ಲ. ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಅಪ್‌ಡೇಟ್ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಬರೆದಿರುತ್ತದೆ. 2024ರ ಮಾರ್ಚ್ ಕೋರ್ ಅಪ್‌ಡೇಟ್ (ಹುಡುಕಾಟದಲ್ಲಿ ಮಾಡುವ ದೊಡ್ಡ ಬದಲಾವಣೆ) ಮಾರ್ಚ್ 5ಕ್ಕೆ ಶುರುವಾಗಿ ಏಪ್ರಿಲ್ 19ಕ್ಕೆ ಮುಗಿಯಿತು, 45 ದಿನ. 2025ರ ಆಗಸ್ಟ್ ಸ್ಪ್ಯಾಮ್ ಅಪ್‌ಡೇಟ್ ಆಗಸ್ಟ್ 26ರಿಂದ ಸೆಪ್ಟೆಂಬರ್ 22ರವರೆಗೆ ನಡೆಯಿತು. ಇಂಥ ಹೊತ್ತಿನಲ್ಲಿ ದಿನಾ ಬೆಳಗ್ಗೆ ಎದ್ದು ಗ್ರಾಫ್ ನೋಡುವುದು ಸುಮ್ನೆ ಬಿಪಿ ಏರಿಸಿಕೊಳ್ಳುವ ದಾರಿ. ಅಪ್‌ಡೇಟ್ ಮುಗಿದು ಕನಿಷ್ಠ ಒಂದು ವಾರ ಕಾಯಿರಿ. ಆಮೇಲೆ, ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಎಂದು ಗೂಗಲ್ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಅಪ್‌ಡೇಟ್‌ಗೆ ಮುಂಚಿನ ವಾರವನ್ನು ಮುಗಿದ ನಂತರದ ವಾರದ ಜೊತೆ ಇಟ್ಟು ನೋಡಿ. 2ನೇ ಸ್ಥಾನದಿಂದ 4ಕ್ಕೆ ಇಳಿದರೆ ಸಣ್ಣ ಕುಸಿತ, 4ರಿಂದ 29ಕ್ಕೆ ಹೋದರೆ ದೊಡ್ಡದು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಉದಾಹರಣೆ ಕೊಡುತ್ತದೆ. ಸಣ್ಣದಾದರೆ ಪುಟಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ನಮ್ಮಂಥ ಹಂಗಾಮಿನ ಸೈಟ್‌ಗಳು ಹಿಂದಿನ ವರ್ಷದ ಅದೇ ವಾರವನ್ನೂ ನೋಡಬೇಕು. ಇಲ್ಲದಿದ್ದರೆ ಮಳೆಗಾಲ ಮುಗಿದು ಓದುಗರು ಕಡಿಮೆಯಾದದ್ದೂ ಅಪ್‌ಡೇಟ್‌ನ ಏಟಿನ ಹಾಗೇ ಕಾಣುತ್ತದೆ. ಕನ್ಸೋಲ್ 16 ತಿಂಗಳ ಅಂಕಿಅಂಶ ಇಟ್ಟುಕೊಳ್ಳುವುದರಿಂದ ಇದು ಕಷ್ಟವಲ್ಲ.

ನನ್ನ ವಿಷಯದಲ್ಲಿ ಕದ್ದ ಪುಟ ಎಷ್ಟೋ ತಿಂಗಳಿಂದ ಇತ್ತು. ಕುಸಿತ ಶುರುವಾದದ್ದು ಅಪ್‌ಡೇಟ್ ನಡೆದ ವಾರಗಳಲ್ಲಿ. ಅಂದರೆ ಎರಡು ಬೇರೆ ಬೇರೆ ಸಮಸ್ಯೆಗಳು.

ಈಗ ಮೊದಲನೆಯದು, ಸ್ಪ್ಯಾಮ್ ರಿಪೋರ್ಟ್, ಅಂದರೆ ಮೋಸದ ಪುಟದ ಬಗ್ಗೆ ಗೂಗಲ್‌ಗೆ ಕೊಡುವ ದೂರು. ಬಹಳ ಸುಲಭ. ಗೂಗಲ್ ಖಾತೆಯಿಂದ ಲಾಗಿನ್ ಆಗಿ, ಪುಟದ ವಿಳಾಸ ಹಾಕಿ, ಯಾವ ಬಗೆಯ ಸ್ಪ್ಯಾಮ್ ಅಂತ ಆರಿಸಿ, ಏನು ಹುಡುಕಿದಾಗ ಬಂತು ಅಂತ ಬರೆದರೆ ಮುಗಿಯಿತು. ಉತ್ತರ ಬರುವುದಿಲ್ಲ. ಈ ಫಾರ್ಮ್ ಇರುವುದೇ ಹಾಗೆ. ಇಂಥ ದೂರುಗಳು ತನ್ನ ಸ್ಪ್ಯಾಮ್ ಪತ್ತೆ ವ್ಯವಸ್ಥೆಯನ್ನು ಸುಧಾರಿಸಲು ನೆರವಾಗುತ್ತವೆ ಎಂದು ಗೂಗಲ್ 2020ರಲ್ಲಿ ಹೇಳಿತ್ತು. 2019ರಲ್ಲಿ ಇಂಥ ಸುಮಾರು 2.3 ಲಕ್ಷ ದೂರುಗಳು ಬಂದಿದ್ದವು ಎಂಬ ಲೆಕ್ಕವನ್ನೂ ಕೊಟ್ಟಿತ್ತು. ಅಷ್ಟು ದೊಡ್ಡ ರಾಶಿಯಲ್ಲಿ ನಮ್ಮ ಒಂದು ಕೊಳೆ ರೋಗದ ಪುಟ ಎಲ್ಲಿ ಕಾಣಬೇಕು?

ಆದರೂ ನಾನು ಇದನ್ನು ಕೈಬಿಟ್ಟಿಲ್ಲ. ಒಬ್ಬರ ಲೇಖನ ಕದ್ದಿದ್ದಕ್ಕಿಂತ, ಒಂದು ಸೈಟ್ ಇಡಿಯಾಗಿ ಮೋಸದ್ದಾಗಿದ್ದಾಗ ಇದೇ ಸರಿಯಾದ ಜಾಗ. ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ಬರುವ ಕೆಲವು ಕನ್ನಡ ಸೈಟ್‌ಗಳನ್ನು ನೋಡಿರುತ್ತೀರಿ. ರೇಷನ್ ಕಾರ್ಡ್ ಲಿಸ್ಟ್ ಅಂತ ಒಂದು ಪುಟ. ಜಿಲ್ಲೆಗೊಂದು, ತಾಲ್ಲೂಕಿಗೊಂದು. ಒಳಗೆ ಅದೇ ನಾಲ್ಕು ಪ್ಯಾರಾ, ಊರ ಹೆಸರು ಮಾತ್ರ ಬದಲು. ಒಮ್ಮೆ ಹಾವೇರಿ ಪುಟದ ಮೂರನೇ ಪ್ಯಾರಾದಲ್ಲಿ ‘ಬೀದರ್ ಜಿಲ್ಲೆಯ ಫಲಾನುಭವಿಗಳು’ ಅಂತ ಉಳಿದುಬಿಟ್ಟಿತ್ತು. ಹೆಸರು ಬದಲಿಸಲೂ ಸೋಮಾರಿತನ! 2024ರ ಮಾರ್ಚ್‌ನಲ್ಲಿ ಗೂಗಲ್ ಮೂರು ಹೊಸ ಸ್ಪ್ಯಾಮ್ ನಿಯಮ ತಂದಿತು. ರಾಶಿ ರಾಶಿ ಪುಟ ಉದುರಿಸುವುದು ಒಂದು, ಅವಧಿ ಮುಗಿದ ಹಳೆಯ ಡೊಮೇನ್ (ಸೈಟ್‌ನ ವಿಳಾಸ) ಕೊಂಡು ಅದರ ಹೆಸರಿನಲ್ಲಿ ಕಸ ತುಂಬುವುದು ಎರಡನೆಯದು, ಹೆಸರಿರುವ ಸೈಟ್‌ನೊಳಗೆ ಹೊರಗಿನವರ ಪುಟ ತೂರಿಸಿ ರ್‍ಯಾಂಕ್ ಗಿಟ್ಟಿಸುವುದು ಮೂರನೆಯದು. ಇಂಥದ್ದು ಕಂಡರೆ ಸ್ಪ್ಯಾಮ್ ರಿಪೋರ್ಟ್ ಹಾಕಿ, ಮರೆತುಬಿಡಿ. ಊರಿಗೆ ಉಪಕಾರ ಅಂತ ಮಾಡುವ ಕೆಲಸ ಅದು, ನಮ್ಮ ಪುಟ ಉಳಿಸುವ ಕೆಲಸ ಅಲ್ಲ.

ಎರಡನೆಯದು ಕಾಪಿರೈಟ್ ಅರ್ಜಿ, ಕದ್ದ ಪುಟವನ್ನು ಹುಡುಕಾಟದಿಂದ ತೆಗೆಯಿರಿ ಎಂದು ಗೂಗಲ್‌ಗೆ ಹಾಕುವುದು. 1998ರ ಅಮೆರಿಕದ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನಡಿ ನಡೆಯುವಂಥದ್ದು. ಭಾರತದಲ್ಲಿ ಕೂತವರೂ ಹಾಕಬಹುದು. ಈ ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಇದೇ. ನನ್ನ ಅರ್ಜಿಗೆ ಕೆಲವೇ ದಿನಗಳಲ್ಲಿ ಉತ್ತರ ಬಂತು, ಕದ್ದ ಪುಟ ಹುಡುಕಾಟದಿಂದ ಹೋಯಿತು.

ಆದರೆ ಇದನ್ನು ಕಣ್ಣುಮುಚ್ಚಿ ತುಂಬುವಂತಿಲ್ಲ. ಸೈಟ್‌ನ ಮುಖಪುಟದ ವಿಳಾಸ ಕೊಟ್ಟರೆ ಸಾಲದು, ಕದ್ದ ಒಂದೊಂದು ಪುಟದ ವಿಳಾಸವನ್ನೂ, ಅದಕ್ಕೆ ಎದುರಾಗಿ ನಮ್ಮ ಮೂಲ ಪುಟದ ವಿಳಾಸವನ್ನೂ ಕೊಡಬೇಕು. ಏನು ಕದ್ದಿದ್ದಾರೆ ಎಂದು ಬಿಡಿಸಿ ಬರೆಯಬೇಕು. ಇಲ್ಲೇ ಹಲವರು ಎಡವುವುದು. ವಿಷಯಕ್ಕೆ ಕಾಪಿರೈಟ್ ಇಲ್ಲ, ಬರೆದ ರೀತಿಗೆ ಇದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಯಾರಪ್ಪನ ಮನೆ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಬರೆಯಬಹುದು. ನಾನು ಬರೆದ ವಾಕ್ಯಗಳು, ನಾನು ತೆಗೆದ ಫೋಟೋ, ಇವು ನನ್ನವು. ಆ ಕದ್ದ ಪುಟದಲ್ಲಿ ಲೇಖಕರ ಜಾಗದಲ್ಲಿ ‘ಅಡ್ಮಿನ್’ ಅಂತಿತ್ತು. ಕೆಳಗೆ ಮಾತ್ರ ‘ನಮ್ಮ ತೋಟದಲ್ಲಿ ಹೋದ ವರ್ಷ ಎರಡನೇ ಸಿಂಪಡಣೆ ತಡವಾಯಿತು’ ಎಂಬ ನನ್ನ ಸಾಲು ಹಾಗೇ ಉಳಿದಿತ್ತು. ಅಡ್ಮಿನ್‌ಗೆ ಯಾವ ತೋಟವೋ! ಅರ್ಜಿಯಲ್ಲಿ ಈ ಸಾಲನ್ನೇ ಮೊದಲು ಹಾಕಿದೆ.

ಇನ್ನೂ ಎರಡು ಮಾತು. ಅರ್ಜಿಯಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆ ಎಂಬ ಪ್ರಮಾಣ ಇರುತ್ತದೆ, ಕೆಳಗೆ ಪೂರ್ತಿ ಹೆಸರು ಟೈಪ್ ಮಾಡಬೇಕು. ಅದರ ಪ್ರತಿ ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗಬಹುದು, ನಿಮ್ಮ ಹೆಸರೂ ಅಲ್ಲಿ ಕಾಣಬಹುದು. ಗುಪ್ತನಾಮದಲ್ಲಿ ಬರೆಯುವವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು. ಎದುರಿನವರು ಇದಕ್ಕೆ ಆಕ್ಷೇಪಿಸಿ ಅರ್ಜಿ ಹಾಕಿದರೆ ನೀವು ಕೋರ್ಟಿಗೆ ಹೋಗಬೇಕು, ಇಲ್ಲದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಬರಬಹುದು. ಪ್ರತಿಸ್ಪರ್ಧಿಯನ್ನು ಕೆಳಗಿಳಿಸಲು ಇದನ್ನೇ ಆಯುಧ ಮಾಡಿಕೊಳ್ಳುವವರೂ ಇದ್ದಾರೆ. ಸುಳ್ಳು ಕಾಪಿರೈಟ್ ದೂರುಗಳನ್ನು ರಾಶಿಗಟ್ಟಲೆ ಹಾಕಿದರೆಂದು 2023ರ ನವೆಂಬರ್‌ನಲ್ಲಿ ಗೂಗಲ್ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆಯನ್ನೇ ಹೂಡಿತು.

ಮೂರನೆಯದು ಹೋಸ್ಟಿಂಗ್‌ನವರಿಗೆ ದೂರು. ಕಾಪಿರೈಟ್ ಅರ್ಜಿ ಪುಟವನ್ನು ಹುಡುಕಾಟದಿಂದ ಮಾತ್ರ ತೆಗೆಯುತ್ತದೆ, ಪುಟ ಅಲ್ಲೇ ಇರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಅದೇ ಲಿಂಕ್ ಓಡಾಡುತ್ತಿದ್ದರೆ ಬೇರಿಗೇ ಕೈ ಹಾಕಬೇಕು. ಸೈಟ್ ಯಾವ ಕಂಪನಿಯ ಸರ್ವರ್‌ನಲ್ಲಿದೆ ಎಂದು ಐಪಿ ವಿಳಾಸದಿಂದ ತಿಳಿಯಬಹುದು. ಸೈಟ್‌ಗೂ ಓದುಗರಿಗೂ ನಡುವೆ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಸೇವೆ ಇದ್ದರೆ ನೇರ ಗೊತ್ತಾಗುವುದಿಲ್ಲ, ಅವರ ಅಬ್ಯೂಸ್ ಫಾರ್ಮ್ ತುಂಬಿದರೆ ದೂರನ್ನು ಹೋಸ್ಟ್‌ಗೆ ದಾಟಿಸುತ್ತಾರೆ. ಭಾರತದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. 1957ರ ಕಾಪಿರೈಟ್ ಕಾಯ್ದೆಯ 52(1)(ಸಿ) ಮತ್ತು 2013ರ ನಿಯಮಗಳ ಪ್ರಕಾರ, ಸರಿಯಾದ ಲಿಖಿತ ದೂರು ಬಂದ 36 ಗಂಟೆಯೊಳಗೆ ಕೃತಿಗೆ ಲಿಂಕ್ ಅಥವಾ ಪ್ರವೇಶ ಒದಗಿಸುವ ಮಧ್ಯವರ್ತಿ ಕ್ರಮ ಕೈಗೊಂಡು, 21 ದಿನ ಅದನ್ನು ತಡೆಹಿಡಿಯಬೇಕು. ಅಷ್ಟರೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಓದಲು ಗಟ್ಟಿಯಾಗಿದೆ ಅಲ್ವಾ? ನನ್ನ ಪ್ರಕರಣದಲ್ಲಿ ಹೋಸ್ಟ್ ಇದ್ದದ್ದು ಬೇರೆ ದೇಶದಲ್ಲಿ. ಅವರು ದೂರನ್ನು ತಮ್ಮ ಗ್ರಾಹಕನಿಗೇ ಕಳಿಸಿದರು. ಆತ ಪುಟ ತೆಗೆದು, ಸ್ವಲ್ಪ ದಿನ ಬಿಟ್ಟು ಬೇರೆ ವಿಳಾಸದಲ್ಲಿ ಅದನ್ನೇ ಹಾಕಿದ. ಕಾಪಿರೈಟ್ ಅರ್ಜಿಗೆ ಹೋಲಿಸಿದರೆ ಓಡಾಟ ಜಾಸ್ತಿ, ಫಲ ಕಡಿಮೆ.

ಡಿಸ್‌ಅವೋ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ‘ಈ ಲಿಂಕ್‌ಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಗೂಗಲ್‌ಗೆ ಒಂದು ಟೆಕ್ಸ್ಟ್ ಫೈಲ್ ಕೊಡುವ ಸೌಲಭ್ಯ ಇದು. 2012ರ ಅಕ್ಟೋಬರ್‌ನಲ್ಲಿ ಬಂತು, ಅದೇ ವರ್ಷದ ಏಪ್ರಿಲ್‌ನಲ್ಲಿ ಗೂಗಲ್‌ನ ಪೆಂಗ್ವಿನ್ ಎಂಬ ಅಪ್‌ಡೇಟ್ ಕೆಟ್ಟ ಲಿಂಕ್ ಇದ್ದವರಿಗೆ ಏಟು ಕೊಟ್ಟಿತ್ತು. 2016ರಲ್ಲಿ ಪೆಂಗ್ವಿನ್ ಬದಲಾಯಿತು. ಕೆಟ್ಟ ಲಿಂಕ್‌ಗಾಗಿ ಇಡೀ ಸೈಟನ್ನು ಇಳಿಸುವ ಬದಲು ಆ ಲಿಂಕ್‌ಗೆ ಬೆಲೆ ಕೊಡದೆ ಬಿಡುವ ಕ್ರಮ ಬಂತು. ಆದರೂ ಟೂಲ್ ಮಾರುವವರು ‘ಟಾಕ್ಸಿಕ್ ಲಿಂಕ್’ ಅಂಕ ತೋರಿಸಿ ಹೆದರಿಸುತ್ತಾರೆ. ಆ ಅಂಕ ಅವರದ್ದೇ ಲೆಕ್ಕ, ಗೂಗಲ್‌ನದ್ದಲ್ಲ. ನಾನು ಕದ್ದ ಸೈಟ್‌ಗಳ ಡೊಮೇನ್‌ಗಳನ್ನೆಲ್ಲ ಸಾಲಾಗಿ ಬರೆದು ಫೈಲ್ ಏರಿಸಿ ನೋಡಿದೆ. ಗ್ರಾಫ್ ಅಲ್ಲಾಡಲಿಲ್ಲ. ಲಿಂಕ್‌ಗಳಿಂದಾಗಿ ಮ್ಯಾನುಯಲ್ ಆಕ್ಷನ್ (ಗೂಗಲ್‌ನವರೇ ನೋಡಿ ಸೈಟ್‌ಗೆ ಕೊಡುವ ಶಿಕ್ಷೆ) ಬಂದಿದ್ದರೆ, ಅಥವಾ ಹಣ ಕೊಟ್ಟು ಲಿಂಕ್ ಕೊಂಡ ಹಳೆಯ ಪಾಪ ಇದ್ದರೆ ಮಾತ್ರ ಇದನ್ನು ಮುಟ್ಟಿ. ಮೈಕ್ರೋಸಾಫ್ಟ್‌ನ ಹುಡುಕಾಟದ ಸೈಟ್ ಬಿಂಗ್ ಅಂತೂ 2023ರಲ್ಲಿ ತನ್ನ ಡಿಸ್‌ಅವೋ ಸೌಲಭ್ಯವನ್ನೇ ತೆಗೆದುಹಾಕಿತು.

ಈ ನಾಲ್ಕಕ್ಕೂ ಮೀರಿ ಫಲ ಕೊಟ್ಟದ್ದು ಯಾವ ದೂರೂ ಅಲ್ಲ, ನನ್ನ ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ನ ಒಂದು ಸೆಟ್ಟಿಂಗ್. ಕದಿಯುವವರು ಕೂತು ನಕಲು ಮಾಡುವುದಿಲ್ಲ. ಹೊಸ ಲೇಖನಗಳನ್ನು ತಾನೇ ಹೊರಗೆ ಕಳಿಸುವ ನಮ್ಮ ಸೈಟ್‌ನ ಆರ್‌ಎಸ್‌ಎಸ್ ಫೀಡ್‌ನಿಂದ ಲೇಖನ ತಾನೇ ಅವರ ಸೈಟ್‌ಗೆ ಬಂದು ಬೀಳುತ್ತದೆ. ರೀಡಿಂಗ್ ಸೆಟ್ಟಿಂಗ್‌ಗೆ ಹೋಗಿ, ಫೀಡ್‌ನಲ್ಲಿ ಪೂರ್ತಿ ಲೇಖನದ ಬದಲು ಆಯ್ದ ಭಾಗ ಮಾತ್ರ ಹೋಗುವಂತೆ ಮಾಡಿದೆ. ಅಲ್ಲಿಂದಾಚೆ ಅವರ ಸೈಟ್‌ನಲ್ಲಿ ನನ್ನ ಹೊಸ ಲೇಖನಗಳ ಮೊದಲ ಪ್ಯಾರಾ ಮಾತ್ರ ನೇತಾಡುತ್ತಿತ್ತು. ಚಿತ್ರಗಳೂ ನನ್ನ ಸರ್ವರ್‌ನಿಂದಲೇ ಲೋಡ್ ಆಗುತ್ತಿದ್ದವು. ನೀಲಿ ದ್ರಾವಣದ ಪ್ಲಾಸ್ಟಿಕ್ ಡ್ರಮ್ಮಿನ ಫೋಟೋವನ್ನು ನನ್ನ ಪುಟದಲ್ಲಿ ಬೇರೆ ಹೆಸರಿಗೆ ಬದಲಿಸಿ, ಹಳೆಯ ಹೆಸರಿನಲ್ಲಿ ‘ಈ ಲೇಖನ ಕದ್ದದ್ದು’ ಎಂದು ದಪ್ಪ ಅಕ್ಷರದ ಚಿತ್ರ ಇಟ್ಟೆ. ಅವರ ಪುಟದ ನಡುವೆ ಅದು ಬಹಳ ದಿನ ರಾರಾಜಿಸಿತು. ಯಾರೂ ಗಮನಿಸಲಿಲ್ಲ ಅಂದರೆ ಆ ಸೈಟನ್ನು ನಡೆಸುವವರೂ ಅದನ್ನು ಓದುವುದಿಲ್ಲ ಅಂತಾಯಿತು.

ಹಾಗಾದರೆ ಕಳ್ಳ ಹೋದ ಮೇಲೆ ನನ್ನ ಪುಟ ಮೇಲೆ ಬಂತಾ? ಒಂದು ಸ್ಥಾನ ಬಂತು, ಅವನು ಖಾಲಿ ಮಾಡಿದ ಜಾಗ ಅಷ್ಟೇ. ನನ್ನ ಮೇಲೆ ಉಳಿದಿದ್ದ ಬೇರೆ ಪುಟಗಳು ಕದ್ದವಲ್ಲ, ನನ್ನದಕ್ಕಿಂತ ಹೊಸವು. ಪುಟವನ್ನು ತಿರುಗಿ ಬರೆದೆ. ಸುಣ್ಣ ಸಾಕಾಗಿದೆಯೇ ಎಂದು ಕಬ್ಬಿಣದ ಚಾಕು ಅದ್ದಿ ನೋಡುವುದು, ಚಾಕುವಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಹಾಕುವುದು, ಇದನ್ನೆಲ್ಲ ಫೋಟೋ ಸಮೇತ ಸೇರಿಸಿದೆ. ಏರಿಕೆ ನಿಧಾನಕ್ಕೆ ಬಂತು. ಕೋರ್ ಅಪ್‌ಡೇಟ್‌ನಲ್ಲಿ ಇಳಿದ ಪುಟಕ್ಕೆ ರೀಕನ್ಸಿಡರೇಶನ್ (ಮರುಪರಿಶೀಲನೆ) ಅರ್ಜಿ ಹಾಕುವ ದಾರಿ ಇಲ್ಲ, ಅದು ಮ್ಯಾನುಯಲ್ ಆಕ್ಷನ್ ಬಂದವರಿಗೆ ಮಾತ್ರ. ಸರ್ಚ್ ಕನ್ಸೋಲ್‌ನ ಮ್ಯಾನುಯಲ್ ಆಕ್ಷನ್ಸ್ ಪುಟ ಖಾಲಿ ಇದ್ದರೆ ಆ ಗುಂಡಿ ಹುಡುಕುತ್ತಾ ಕೂರಬೇಡಿ. ಮತ್ತೆ, ಗೂಗಲ್‌ಗೆ ಹಾಕಿದ ಕಾಪಿರೈಟ್ ಅರ್ಜಿ ಬಿಂಗ್‌ಗೆ ಅನ್ವಯಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಫಾರ್ಮ್ ಬೇರೆಯೇ ಇದೆ, ಅಲ್ಲಿ ಇನ್ನೊಮ್ಮೆ ತುಂಬಬೇಕು.