ಎನಾಮೆಲ್ ಕಿಲ್ನ್, ಮೂರು ವರ್ಷ ಆದ್ಮೇಲೆ: ಆ ಬಾಗಿಲಿಗೆ ಸ್ವಲ್ಪ ಬೈಯೋದಿದೆ

ಬರೀಬೇಕು ಅಂದ್ಕೊಂಡು ವರ್ಷವೇ ಆಯ್ತು, ಬೈಯೋಕೆ ಅಂತ ಕೂತಾಗ್ಲೆಲ್ಲ ಏನಾದ್ರೂ ಒಂದು ಪೀಸ್ ಚೆನ್ನಾಗಿ ಬಂದ್ಬಿಡುತ್ತೆ, ಸುಮ್ನಾಗ್ತೀನಿ. ನಿನ್ನೆ ಮತ್ತೆ ಬಾಗಿಲಿಗೆ ಮಣಿಕಟ್ಟು ತಾಗಿಸ್ಕೊಂಡೆ, ಹಂಗಾಗಿ ಇವತ್ತು ಬಿಡಲ್ಲ.

ಇದರ ಸೈಜು, ವ್ಯಾಟು ಎಲ್ಲಾ ಮಾರೋರ ಪೇಜಲ್ಲೇ ನೀವು ನೋಡೇ ಇರ್ತೀರಾ. ಟೇಬಲ್ ಮೇಲೆ ಕೂರೋ ಪುಟ್ಟ ಎಲೆಕ್ಟ್ರಿಕ್ ಕಿಲ್ನ್, ಅಂದ್ರೆ ಕುಲುಮೆ, ನಾನು ತಗೊಂಡಿದ್ದು ತಾಮ್ರದ ಮೇಲೆ ಬಣ್ಣದ ಗಾಜಿನ ಪುಡಿ ಕರಗಿಸೋಕೆ, ಎನಾಮೆಲ್ ಅಂದ್ರೆ ಅದೇ. ಬಾಗಿಲು ಪಕ್ಕಕ್ಕೆ ತೆರೆಯಲ್ಲ, ಕೆಳಗೆ ಬೀಳುತ್ತೆ. ಮಡಕೆ ಸುಡೋರಿಗೆ ಇದೇನೂ ದೊಡ್ಡ ವಿಷಯ ಅಲ್ಲ, ಮುಚ್ಚಿಟ್ಟು ಮಲಗಿದ್ರೆ ಮುಗೀತು, ಆದ್ರೆ ಎನಾಮೆಲ್‌ನಲ್ಲಿ ಒಳಗೆ 800 ಡಿಗ್ರಿ ಇರೋವಾಗ್ಲೇ ಬಾಗಿಲು ತೆಗೆದು ಉದ್ದನೆ ಫೋರ್ಕಲ್ಲಿ ಪೀಸ್ ಒಳಗಿಟ್ಟು ಎರಡು ಮೂರು ನಿಮಿಷದಲ್ಲಿ ಈಚೆ ಎಳೀಬೇಕು, ಒಂದೇ ಪೆಂಡೆಂಟ್‌ಗೆ ಹಿಂಗೆ ನಾಕೈದು ಸಲ. ಪ್ರತಿ ಸಲವೂ ನಿಗಿನಿಗಿ ಕಾದಿರೋ ಆ ಬಾಗಿಲಿನ ಒಳಮೈ ಮೇಲಿಂದ ಕೈ ಚಾಚ್ಬೇಕು. ಪಕ್ಕಕ್ಕೆ ತೆರೆಯೋ ಮಾಡೆಲ್ ಇತ್ತು, ಅವಾಗ ನನ್ನ ಬಜೆಟ್ಟಿಗೆ ನಿಲುಕಲಿಲ್ಲ.

ಇದರ ಜೊತೆಗೆ ಮೀಟರ್ ಬೇರೆ. ಸೆನ್ಸರ್ ಇರೋದು ಹಿಂದಿನ ಗೋಡೇಲಿ, ಅದು 800 ಅಂದಾಗ ಬಾಗಿಲ ಹತ್ರ ಅಷ್ಟು ಬಿಸಿ ಇರಲ್ಲ. ಮೊದಲ ಆರು ತಿಂಗಳು ಸ್ಟಾಪ್‌ವಾಚ್ ಹಿಡ್ಕೊಂಡು ಒದ್ದಾಡಿದೆ. ಪೀಸಿನಲ್ಲಿ ಹಿಂದಿನ ಗೋಡೆ ಕಡೆಯ ತುದಿ ನುಣ್ಣಗೆ ಕನ್ನಡಿ ಥರ, ಬಾಗಿಲ ಕಡೆಯ ತುದಿ ಕಿತ್ತಳೆ ಸಿಪ್ಪೆ ಥರ ತರಿತರಿ.

ಆಮೇಲೆ ಮೀಟರ್ ನೋಡೋದೇ ಬಿಟ್ಟೆ. ಬಾಗಿಲನ್ನ ಒಂದು ಬೆರಳಷ್ಟು ಸಂದು ಮಾಡಿ ನೋಡ್ತೀನಿ: ಮೊದಲು ಪುಡಿ ಸಕ್ಕರೆ ಚೆಲ್ಲಿದಂಗೆ ಕಾಣುತ್ತೆ, ಆಮೇಲೆ ಕಿತ್ತಳೆ ಸಿಪ್ಪೆ, ಆಮೇಲೆ ಒಂದು ಕ್ಷಣ ಮೇಲ್ಮೈ ಎಲ್ಲಾ ಒದ್ದೆ ಆದಂಗೆ ಪಳ್ ಅನ್ನುತ್ತೆ, ಅವಾಗ ತೆಗೆದ್ಬಿಡ್ಬೇಕು. ಕಣ್ಣಿಗೆ ಇನ್‌ಫ್ರಾರೆಡ್ ತಡೆಯೋ ಕನ್ನಡಕ ಮರೀಬೇಡಿ.

ನಿಜ ಹೇಳ್ಬೇಕಂದ್ರೆ ಕಿಲ್ನ್‌ಗಿಂತ ಹೆಚ್ಚು ಹೊತ್ತು ಹೋಗೋದು ಸಿಂಕ್ ಹತ್ರ, ನಂಗೆ ಅದೇ ಇಷ್ಟ ಕೂಡ. ತಾಮ್ರ ಉಜ್ಜಿ ನೀರು ಹಾಕಿದ್ರೆ ನೀರು ಹನಿಹನಿಯಾಗಿ ಒಡೀದೆ ಹಾಳೆ ಥರ ಹರಡ್ಬೇಕು, ಒಡೀತಾ ಇದೆ ಅಂದ್ರೆ ಜಿಡ್ಡು ಇನ್ನೂ ಇದೆ, ಮತ್ತೆ ಉಜ್ಜಿ. ಪಾರದರ್ಶಕ ಬಣ್ಣದ ಪುಡಿನ ಅಕ್ಕಿ ತೊಳೆದಂಗೆ ತೊಳೀತೀನಿ, ಮೊದಲ ನೀರು ಹಾಲಿನಂಗೆ ಬಿಳಿ, ಆ ನುಣುಪು ಧೂಳು ಉಳಿದ್ರೆ ಗಾಜು ಮಬ್ಬು ಮಬ್ಬಾಗುತ್ತೆ, ಐದಾರು ಸಲ ಬಸಿದ್ಮೇಲೆ ನೀರು ತಿಳಿಯಾಗುತ್ತೆ, ಕೊನೆಗೊಂದ್ಸಲ ಡಿಸ್ಟಿಲ್ಡ್ ವಾಟರ್. ಒದ್ದೆ ಪುಡಿ ತುಂಬಿದ ಪೀಸನ್ನ ಕಿಲ್ನ್ ತಲೆ ಮೇಲಿಟ್ಟು ಹಬೆ ನಿಲ್ಲೋವರೆಗೂ ಒಣಗಿಸ್ತೀನಿ. ಅವಸರ ಮಾಡಿ ಒಳಗೆ ಹಾಕಿದ್ರೆ ನೀರು ಹಬೆಯಾಗಿ ಪುಡಿನ ಎಗರಿಸ್ಬಿಡುತ್ತೆ. ಒಣ ಪುಡಿ ಜರಡಿ ಹಿಡಿಯೋವಾಗ ಮಾತ್ರ ಮಾಸ್ಕ್ ಬೇಕೇ ಬೇಕು, ಅದು ಗಾಜಿನ ಧೂಳು ಕಣ್ರೀ.

ಇನ್ನು ಆ ಕೆಂಪು. ಮೊದಲ ಸಲ ಅಪಾರದರ್ಶಕ ಕೆಂಪು ಹಾಕಿ ಈಚೆ ತೆಗೆದಾಗ ಪೀಸು ಕಪ್ಪಗೆ, ಇದ್ದಿಲು ಥರ ಇತ್ತು. ಸುಟ್ಟು ಹಾಕ್ದೆ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂತೆ. ಜಾಲರಿ ಮೇಲೆ ಹಂಗೇ ಬಿಟ್ಟಿದ್ದೆ, ನೋಡ್ತಾ ನೋಡ್ತಾ ಅಂಚಿಂದ ಶುರುವಾಗಿ ಕಪ್ಪು ಕಂದಾಯ್ತು, ಕಂದು ಇಟ್ಟಿಗೆ ಬಣ್ಣ ಆಯ್ತು, ಒಂದು ನಿಮಿಷದೊಳಗೆ ಮೆಣಸಿನಕಾಯಿ ಕೆಂಪು! ಮೂರು ವರ್ಷ ಆದ್ರೂ ಇದನ್ನ ನೋಡೋಕೆ ಅಂತಾನೇ ಫೋನ್ ಬಂದ್ರೂ ಎತ್ತಲ್ಲ. ಹಂಗಂತ ಕಿಲ್ನ್ ಒಳಗೆ ಜಾಸ್ತಿ ಹೊತ್ತು ಬಿಟ್ರೆ ಆ ಕೆಂಪು ನಿಜವಾಗ್ಲೂ ಸುಟ್ಟು ಕಪ್ಪಾಗುತ್ತೆ, ಆಮೇಲೆ ವಾಪಸ್ ಬರಲ್ಲ.

ಹಿಂಭಾಗಕ್ಕೂ ಎನಾಮೆಲ್ ಹಾಕೋದನ್ನ ಸೋಮಾರಿತನಕ್ಕೆ ಬಿಟ್ರೆ ಏನಾಗುತ್ತೆ ಅಂತ್ಲೂ ಹೇಳ್ಬಿಡ್ತೀನಿ. ತಣ್ಣಗಾಗೋವಾಗ ತಾಮ್ರ ಗಾಜಿಗಿಂತ ಜಾಸ್ತಿ ಕುಗ್ಗುತ್ತೆ, ಒಂದೇ ಮಗ್ಗುಲಲ್ಲಿ ಗಾಜಿದ್ರೆ ತೆಳು ತಗಡು ಸೊಟ್ಟ ಆಗುತ್ತೆ. ಒಂದು ಸಲ ರಾತ್ರಿ ಮಲಗೋ ಹೊತ್ತಿಗೆ ಪಕ್ಕದ ರೂಮಿಂದ ಟಿಣ್ ಅಂತು. ಬೆಳಗ್ಗೆ ನೋಡಿದ್ರೆ ಎರಡು ದಿನದ ಕೆಲಸದ ಮಧ್ಯೆ ಕೂದಲೆಳೆಯಂಥ ಬಿರುಕು.

ಕಿಲ್ನ್‌ಗೆ ವಾಪಸ್ ಬಂದ್ರೆ, ಕಾಯಿಲ್ ಇನ್ನೂ ಗಟ್ಟಿಮುಟ್ಟು, ಒಂದ್ಸಲಾನೂ ಕೈ ಕೊಟ್ಟಿಲ್ಲ. ತಳದ ಇಟ್ಟಿಗೆ ಮಾತ್ರ ಮೆತ್ತಗಿದೆ, ಪೀಸಿಂದ ಗಾಜು ತೊಟ್ಟಿಕ್ಕಿದ್ರೆ ಅಲ್ಲೇ ಕರಗಿ ಗುಂಡಿ ಮಾಡುತ್ತೆ, ನಂದ್ರಲ್ಲಿ ನೀಲಿ ಗುಂಡಿ ಮೂರಿದೆ. ತಂದ ದಿನವೇ ತಳಕ್ಕೆ ಕಿಲ್ನ್ ವಾಶ್ (ಗಾಜು ಇಟ್ಟಿಗೆಗೆ ಅಂಟದಂಗೆ ತಡೆಯೋ ಲೇಪ) ಬಳಿದ್ಬಿಡಿ, ನಂಗೆ ಯಾರೂ ಹೇಳಲಿಲ್ಲ. ಪೆಂಡೆಂಟು, ಓಲೆ ಮಾಡೋರಿಗೆ ಧಾರಾಳ ಸಾಕು, ತಟ್ಟೆ ಬಟ್ಟಲು ಅಂತಿದ್ರೆ ಇದು ಬೇಡ. ಮೂರೂವರೆ ಸ್ಟಾರ್ ಕೊಡ್ತಿದ್ದೀನಿ. ತಗೊಳೋರು ಮೊಣಕೈವರೆಗೂ ಬರೋ ಗ್ಲೌಸ್ ಜೊತೆಗೇ ತಗೊಳ್ಳಿ, ಮಣಿಕಟ್ಟಿಗೇ ನಿಲ್ಲೋದು ಬೇಡ, ನಂದು ಅಂಥದ್ದೇ.