ಅಪ್ಪನ ಹೆಬ್ಬೆಟ್ಟಿನಿಂದ 37,500 ರೂಪಾಯಿ ಹೋಯಿತು: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡದವರು ದಯವಿಟ್ಟು ಓದಿ

ನಮ್ಮಪ್ಪ ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟ್ರು. ಅವರ ಹತ್ತಿರ ಇರುವುದು ಬಟನ್ ಫೋನು. ಫೋನ್‌ಪೇ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ, ಎಟಿಎಂ ಕಾರ್ಡನ್ನೂ ತೆಗೆದುಕೊಂಡಿಲ್ಲ. ದುಡ್ಡು ಬೇಕಾದರೆ ಬ್ಯಾಂಕಿಗೆ ಹೋಗಿ ಚಲನ್ ತುಂಬಿಯೇ ತೆಗೆಯುತ್ತಾರೆ. ಆನ್‌ಲೈನ್ ಮೋಸದ ಸುದ್ದಿ ಬಂದಾಗಲೆಲ್ಲ "ನಾನು ಆ ಗೋಜಿಗೇ ಹೋಗಲ್ಲ, ನನಗೇನಾಗುತ್ತೆ" ಅನ್ನುತ್ತಿದ್ದರು. ನಾವೂ ಅದನ್ನು ನಂಬಿದ್ದೆವು.

ಹಾಗಿದ್ದ ಅಪ್ಪನ ಪಿಂಚಣಿ ಖಾತೆಯಿಂದ ನಾಲ್ಕು ದಿನದಲ್ಲಿ ನಾಲ್ಕು ಸಲ ದುಡ್ಡು ಹೋಯಿತು. ಶನಿವಾರ 10,000. ಭಾನುವಾರ 10,000. ಸೋಮವಾರ 10,000. ಮಂಗಳವಾರ 7,500. ಮಂಗಳವಾರ ಕಡಿಮೆ ಹೋಗಿದ್ದಕ್ಕೆ ಕಾರಣ ಅಷ್ಟೇ ಉಳಿದಿತ್ತು. ಕೊನೆಗೆ ಖಾತೆಯಲ್ಲಿದ್ದದ್ದು 312 ರೂಪಾಯಿ.

ಮೆಸೇಜ್‌ಗಳು ಬಂದಿದ್ದವು. ಆದರೆ ಎಲ್ಲವೂ ಇಂಗ್ಲಿಷ್‌ನಲ್ಲಿ, ಸಾಲದ ಜಾಹೀರಾತು, ರೀಚಾರ್ಜ್ ಆಫರ್‌ಗಳ ನಡುವೆ ಹೂತುಹೋಗಿದ್ದವು. ಅಪ್ಪ ನೋಡಲಿಲ್ಲ. ಮುಂದಿನ ವಾರದ ಶುಕ್ರವಾರ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದಾಗಲೇ ಗೊತ್ತಾಗಿದ್ದು. ಕೌಂಟರ್‌ನಲ್ಲಿದ್ದವರು ಕಂಪ್ಯೂಟರ್ ನೋಡಿ ಹೇಳಿದ ಮಾತು ಅಪ್ಪನಿಗೆ ಇವತ್ತಿಗೂ ಚುಚ್ಚುತ್ತದೆ: "ಹೆಬ್ಬೆಟ್ಟು ಒತ್ತಿ ತೆಗೆದಿದ್ದೀರಲ್ಲ ಮೇಷ್ಟ್ರೇ, ಮರೆತಿರಬೇಕು ನೋಡಿ." ಎಪ್ಪತ್ತು ದಾಟಿದ ಮನುಷ್ಯನಿಗೆ ಹೀಗೆ ಹೇಳಿದರೆ ಅವರು ತಮ್ಮ ನೆನಪನ್ನೇ ಅನುಮಾನಿಸಲು ಶುರು ಮಾಡುತ್ತಾರೆ. ಅಪ್ಪ ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಭಾನುವಾರ ಅಮ್ಮ ಫೋನ್ ಮಾಡಿ "ನಿಮ್ಮಪ್ಪ ಸರಿಯಾಗಿ ಊಟ ಮಾಡ್ತಿಲ್ಲ ಕಣೋ" ಅಂದಾಗ ನಾನು ಊರಿಗೆ ಹೋದೆ.

ದುಡ್ಡು ಹೋಗಿದ್ದು ಎಇಪಿಎಸ್ ಮೂಲಕ. ಅಂದರೆ ಆಧಾರ್ ಎನೇಬಲ್ಡ್ ಪೇಮೆಂಟ್ ಸಿಸ್ಟಂ. ಹೆಸರು ಗೊತ್ತಿಲ್ಲದಿದ್ದರೂ ಹಳ್ಳಿಯಲ್ಲಿ ಎಲ್ಲರೂ ಇದನ್ನು ನೋಡಿದ್ದಾರೆ. ಅಂಗಡಿಯಲ್ಲೋ ಪಂಚಾಯಿತಿ ಹತ್ತಿರವೋ ಬ್ಯಾಂಕ್ ಮಿತ್ರ ಒಂದು ಚಿಕ್ಕ ಯಂತ್ರ ಇಟ್ಟುಕೊಂಡು ಕೂತಿರುತ್ತಾರೆ. ನಿಮ್ಮ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಕೊಟ್ಟರೆ ದುಡ್ಡು ಕೈಗೆ ಬರುತ್ತದೆ. ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ ಹೆಚ್ಚೆಂದರೆ 10,000. ಇದು ಕೆಟ್ಟ ವ್ಯವಸ್ಥೆ ಅಂತ ನಾನು ಹೇಳುವುದಿಲ್ಲ. ಉದ್ಯೋಗ ಖಾತ್ರಿ ಕೂಲಿ, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿ ದುಡ್ಡು ತೆಗೆಯಲು ಹತ್ತು ಮೈಲಿ ಬಸ್ಸಿನಲ್ಲಿ ಹೋಗಬೇಕಾದವರಿಗೆ ಇದರಿಂದ ತುಂಬಾ ಉಪಕಾರವಾಗಿದೆ. ಆದರೆ ನಿಮ್ಮ ಆಧಾರ್ ಸಂಖ್ಯೆಯೂ ಬೆರಳಚ್ಚೂ ಬೇರೆಯವರ ಕೈಗೆ ಸಿಕ್ಕರೆ, ಯಾವ ರಾಜ್ಯದಲ್ಲಿ ಕೂತಾದರೂ ಅವರು ನೀವಾಗಿಬಿಡಬಹುದು. ಅಪ್ಪನ ದುಡ್ಡು ತೆಗೆದದ್ದೂ ಬೇರೆ ರಾಜ್ಯದಲ್ಲಿ. ಅಪ್ಪ ಆ ವಾರವೆಲ್ಲ ಊರು ಬಿಟ್ಟು ಕದಲಿರಲಿಲ್ಲ.

ಸೈಬರ್ ಠಾಣೆಯಲ್ಲಿ ಮೊದಲು ಕೇಳಿದ ಪ್ರಶ್ನೆ: "ಇತ್ತೀಚೆಗೆ ಏನಾದರೂ ರಿಜಿಸ್ಟ್ರೇಷನ್ ಮಾಡಿಸಿದ್ರಾ?"

ಮಾಡಿಸಿದ್ದೆವು. ಒಂದೂವರೆ ತಿಂಗಳ ಹಿಂದೆ ಅಪ್ಪ ಒಂದು ಸೈಟು ಮಾರಿದ್ದರು. ಕ್ರಯಪತ್ರದಲ್ಲಿ ಫೋಟೋ, ಹೆಬ್ಬೆಟ್ಟಿನ ಗುರುತು ಎರಡೂ ಇರುತ್ತವೆ. ಅದರ ಜೊತೆ ಆಧಾರ್ ಪ್ರತಿ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಹೀಗೇ ದುಡ್ಡು ಹೋಗಿತ್ತು. ಪತ್ರದ ಪ್ರತಿಯಲ್ಲಿದ್ದ ಬೆರಳಚ್ಚಿನಿಂದ ಅಚ್ಚು ಮಾಡಿಕೊಂಡು ದುಡ್ಡು ತೆಗೆಯುತ್ತಿದ್ದವರನ್ನು ಪೊಲೀಸರು ಬಂಧಿಸಿದ್ದರು. ನಾನು ಆಗ ಅದನ್ನು ಪೇಪರಿನಲ್ಲಿ ಓದಿದ್ದೆ. ಓದಿ, ಪೇಪರ್ ಮಡಿಚಿಟ್ಟಿದ್ದೆ.

ಅಪ್ಪನ ಬೆರಳಚ್ಚು ಅಲ್ಲಿಂದಲೇ ಸೋರಿತು ಅಂತ ನಾನು ಪ್ರಮಾಣ ಮಾಡಲಾರೆ. ಯಾಕೆಂದರೆ ಆಧಾರ್ ಪ್ರತಿ ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ ಠಾಣೆಯಲ್ಲಿ ಕೇಳಿದಾಗ ನಾವು ಲೆಕ್ಕ ಹಾಕುತ್ತಾ ಹೋದೆವು. ಸಿಮ್ ಅಂಗಡಿ. ತೀರ್ಥಯಾತ್ರೆಗೆ ಹೋದಾಗ ಉಳಿದ ಮೂರು ಲಾಡ್ಜು. ಕಣ್ಣಿನ ಆಪರೇಷನ್ ಆದ ಆಸ್ಪತ್ರೆ. ಗ್ಯಾಸ್ ಏಜೆನ್ಸಿ. ನನ್ನ ತಂಗಿಯ ಅಪಾರ್ಟ್‌ಮೆಂಟಿನ ಗೇಟು. ಪತ್ರ ಬರಹಗಾರರ ಟೇಬಲ್ಲು. ಎಲ್ಲಕ್ಕಿಂತ ಜಾಸ್ತಿ ನೆನಪಾದದ್ದು ಜೆರಾಕ್ಸ್ ಅಂಗಡಿ. "ಈ ನಂಬರಿಗೆ ವಾಟ್ಸಾಪ್ ಮಾಡಿ, ಪ್ರಿಂಟ್ ಕೊಡ್ತೀನಿ" ಅನ್ನುತ್ತಾರೆ, ನಾವು ಮಾಡುತ್ತೇವೆ. ಪ್ರಿಂಟ್ ನಮ್ಮ ಕೈಗೆ ಬರುತ್ತದೆ, ಕಾರ್ಡಿನ ಚಿತ್ರ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅಲ್ಲಿ ಕೆಲಸಕ್ಕೆ ಬಂದುಹೋಗುವ ಹುಡುಗರು ಎಷ್ಟು ಜನ, ಅಲ್ವಾ? ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೂ ನಿಮ್ಮೆದುರೇ ಅಳಿಸಲು ಹೇಳಿ. ನಾನು ಈಗ ನಿಂತು ನೋಡಿಕೊಂಡೇ ಬರುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಈಗ ದುಡ್ಡಿನ ವಿಷಯ. ನಮಗೆ ಇಲ್ಲೇ ದೊಡ್ಡ ಪೆಟ್ಟು ಬಿದ್ದದ್ದು. ಇಂಥ ವಂಚನೆಗೆ ಆರ್‌ಬಿಐ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಅದರ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಅನ್ನುವ ಪ್ರಕರಣದಲ್ಲಿ, ಮೆಸೇಜ್ ಬಂದ ಮೂರು ಕೆಲಸದ ದಿನಗಳ ಒಳಗೆ ಬ್ಯಾಂಕಿಗೆ ದೂರು ಕೊಟ್ಟರೆ ನಷ್ಟ ಪೂರ್ತಿ ಬ್ಯಾಂಕಿನದು. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ 10,000 ರೂಪಾಯಿವರೆಗೆ ನಷ್ಟ ತಾಗಬಹುದು. ಏಳು ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನಿಯಮದ ಪ್ರಕಾರ. ಅಪ್ಪ ಪಾಸ್‌ಬುಕ್ ನೋಡುವ ಹೊತ್ತಿಗೇ ಏಳು ದಿನ ಮುಗಿದಿತ್ತು. ಅದರ ಮೇಲೆ ನಾಚಿಕೆಯಿಂದ ಎರಡು ದಿನ ಸುಮ್ನೆ ಇದ್ದರು. ಆ ನಾಚಿಕೆಗೆ ಕಾರಣವೇ ಇರಲಿಲ್ಲ.

ಹಾಗಾಗಿ ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನಮಗೆ ಮೂವತ್ತು ದಿನವಾದರೂ ಬ್ಯಾಂಕಿನಿಂದ ಉತ್ತರ ಬರಲಿಲ್ಲ. ಆಮೇಲೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟೆವು. ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ಐದು ತಿಂಗಳ ಮೇಲೆ 20,000 ವಾಪಸ್ ಬಂತು. ಉಳಿದ 17,500 ಬರಲಿಲ್ಲ.

ನಾನು ಇದನ್ನೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಒಂದು ಕೆಲಸ ಮಾಡಿ ಅಂತ ಕೇಳಲು. ಮನೆಯಲ್ಲಿರುವ ಎಲ್ಲರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ಬೆರಳು, ಕಣ್ಣು, ಮುಖದ ಗುರುತಿಗೆ ಬೀಗ ಹಾಕಿ. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಹೆಬ್ಬೆಟ್ಟನ್ನು ಹೇಗೆ ಬದಲಾಯಿಸುವುದು? ಮೈಆಧಾರ್ ವೆಬ್‌ಸೈಟಿಗೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಹಾಕಿ ಒಳಗೆ ಹೋದರೆ ಬಯೋಮೆಟ್ರಿಕ್ ಲಾಕ್ ಅಂತ ಇರುತ್ತದೆ. ಎರಡು ನಿಮಿಷದ ಕೆಲಸ. ಅಲ್ಲೇ ಆಧಾರ್ ಲಾಕ್ ಅಂತಲೂ ಒಂದಿದೆ, ಅದು ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಬಯೋಮೆಟ್ರಿಕ್ ಲಾಕ್ ಆದ ಮೇಲೆ ಬೆರಳು, ಕಣ್ಣು, ಮುಖ ಯಾವುದರಿಂದಲೂ ದೃಢೀಕರಣ ಆಗುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು.

ನಮಗೆ ಎರಡು ನಿಮಿಷದಲ್ಲಿ ಆಗಲಿಲ್ಲ. ಅಪ್ಪನ ಆಧಾರ್‌ಗೆ ಜೋಡಿಸಿದ್ದು ಎಂಟು ವರ್ಷ ಹಿಂದಿನ ನಂಬರು, ಅದು ಯಾವಾಗಲೋ ಬಂದ್ ಆಗಿತ್ತು. ಒಟಿಪಿ ಎಲ್ಲಿಗೆ ಬರಬೇಕು? ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸಿ, ಅದು ಅಪ್‌ಡೇಟ್ ಆಗುವವರೆಗೆ ಕಾಯಬೇಕಾಯಿತು. ನಿಮ್ಮ ತಂದೆತಾಯಿಯ ಆಧಾರ್‌ಗೆ ಈಗ ನಡೆಯುತ್ತಿರುವ ನಂಬರ್ ಜೋಡಣೆಯಾಗಿದೆಯಾ ಅಂತ ಇವತ್ತೇ ನೋಡಿ.

ಲಾಕ್ ಮಾಡಿದರೆ ಸ್ವಲ್ಪ ತೊಂದರೆ ಇದೆ, ಮುಚ್ಚಿಡುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಮ್ಮನ ಬೆರಳು ತೆಗೆದುಕೊಳ್ಳಲಿಲ್ಲ. ನವೆಂಬರ್‌ನಲ್ಲಿ ಪಿಂಚಣಿಯವರು ಬೆರಳು ಒತ್ತಿ ಜೀವನ ಪ್ರಮಾಣಪತ್ರ ಕೊಡುವಾಗಲೂ ಮೊದಲು ತೆರೆಯಬೇಕು. ಮನೆಯಲ್ಲಿ ಯಾರಾದರೂ ಒಬ್ಬರು ಇದನ್ನು ಕಲಿತು ಜೊತೆಗಿರಬೇಕು. ಪ್ರತಿ ತಿಂಗಳು ಬೆರಳು ಒತ್ತಿಯೇ ದುಡ್ಡು ತೆಗೆಯುವವರು ಲಾಕ್ ಮಾಡಲು ಆಗದಿದ್ದರೆ ಒಂದು ವಿಷಯದಲ್ಲಾದರೂ ಹುಷಾರಾಗಿರಿ. "ಬರಲಿಲ್ಲ, ಇನ್ನೊಂದು ಸಲ ಒತ್ತಿ" ಅಂದರೆ ಮೊದಲು ರಸೀದಿ ಕೇಳಿ. ವಿಫಲವಾದದ್ದಕ್ಕೂ ರಸೀದಿ ಬರಬೇಕು. ಎರಡನೇ ಸಲ ಒತ್ತಿಸಿಕೊಂಡು ಎರಡು ಸಲ ದುಡ್ಡು ತೆಗೆದ ಪ್ರಕರಣಗಳಿವೆ.

ಪ್ರತಿ ಕೊಡಲೇಬೇಕಾದ ಕಡೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಅಂತ ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ನನಗೆ ಅದರಿಂದ ಬೇಸರವಾಗಿದೆ. ಆ ಮಾತು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕಿತ್ತು.

"ನಾವು ಸಾಮಾನ್ಯ ಜನ, ಮುಚ್ಚಿಡೋಕೆ ಏನಿದೆ" ಅನ್ನುವವರಿಗೂ ಒಂದು ಮಾತು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಅವರ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಹಕ್ಕು ಬಚ್ಚಿಡಲು ಏನೋ ಇರುವವರಿಗೆ ಮಾತ್ರ ಅಲ್ಲ. ಬಟನ್ ಫೋನ್ ಇಟ್ಟುಕೊಂಡ ನಮ್ಮಪ್ಪನಿಗೂ ಇದೆ.

ಮೈಆಧಾರ್‌ನಲ್ಲಿ ದೃಢೀಕರಣದ ಇತಿಹಾಸ ಅಂತ ಇನ್ನೊಂದು ಜಾಗ ಇದೆ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ, ಯಾವ ಬಗೆಯಲ್ಲಿ ಬಳಕೆಯಾಯಿತು, ಬಳಸಿದವರು ಯಾರು ಅಂತ ತೋರಿಸುತ್ತದೆ. ಅಪ್ಪನ ನಾಲ್ಕು ಬೆರಳಚ್ಚು ದೃಢೀಕರಣಗಳೂ ಗಂಟೆ, ನಿಮಿಷ ಸಮೇತ ಅಲ್ಲಿದ್ದವು. ಅದರ ಪ್ರತಿ ತೆಗೆದು ದೂರಿಗೆ ಲಗತ್ತಿಸಿದೆವು. ಮೇಷ್ಟ್ರು ಮರೆತಿಲ್ಲ ಅಂತ ಬ್ಯಾಂಕಿನವರು ಒಪ್ಪಿಕೊಂಡದ್ದು ಅದನ್ನು ನೋಡಿದ ಮೇಲೆಯೇ. ಭಾನುವಾರ ರಾತ್ರಿ 9 ಗಂಟೆಯ ಮೇಲೆ ಇನ್ನೊಂದು ರಾಜ್ಯದಲ್ಲಿ ಅವರು ಬೆರಳು ಒತ್ತಿರಲು ಸಾಧ್ಯವೇ ಇರಲಿಲ್ಲ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ನಾನು ಆ ಪುಟ ತೆರೆದು ನೋಡುತ್ತೇನೆ. ಲಾಕ್ ಮಾಡಿ ಮೂರು ವಾರವಾದ ಮೇಲೆ ಅದರಲ್ಲಿ ಹೊಸದಾಗಿ ಎರಡು ಸಾಲು ಕಂಡವು. ಎರಡೂ ಬೆರಳಚ್ಚು. ಎರಡೂ ವಿಫಲ. ಕೋಡ್ 330, ಅಂದರೆ ಬಯೋಮೆಟ್ರಿಕ್ ಲಾಕ್ ಆಗಿದೆ. ಆ ಎರಡು ದಿನವೂ ಅಪ್ಪ ಮನೆಯಲ್ಲೇ ಇದ್ದರು.