ರೀಫ್ ಟ್ಯಾಂಕ್ ದೂರ ಸಾಗಿಸುವ ಮುಂಚೆ ನನ್ನ ಗೋಳು ಸ್ವಲ್ಪ ಕೇಳಿ

ಫೀನಿಕ್ಸಿನಿಂದ ಡಲ್ಲಾಸಿಗೆ ಮನೆ ಬದಲಿಸಿ ಮೂರು ವಾರ ಆಯಿತು. ಹೊರಡುವಾಗ 120 ಗ್ಯಾಲನ್ನಿನ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ) ಇತ್ತು, ಆರು ವರ್ಷ ಸಾಕಿ ಬೆಳೆಸಿದ್ದು. ಈಗ ಉಳಿದಿರುವುದು ಎರಡು ಕ್ಲೌನ್ ಮೀನು ಮತ್ತು ಖಾಲಿ ಗಾಜು. ಯಾರನ್ನೋ ಬೈಯೋಕೆ ಬರೆಯುತ್ತಿಲ್ಲ. ಸರಿ, ಸ್ವಲ್ಪ ಬೈಯೋಕೂ ಹೌದು.

ಮಾಮೂಲಿ ಮೂವರ್ಸ್ ಜೀವ ಇರುವ ಏನನ್ನೂ ಲಾರಿಗೆ ಹತ್ತಿಸುವುದಿಲ್ಲ. ಹಾಗಾಗಿ ಟ್ಯಾಂಕ್ ಸಾಗಿಸುವುದೇ ನಮ್ಮ ಕಸುಬು ಅಂತ ಹೇಳಿಕೊಳ್ಳುವ ಒಬ್ಬರನ್ನು ಹಿಡಿದೆ. 1,800 ಡಾಲರ್, ಅರ್ಧ ಮುಂಗಡ. ಏಸಿ ವ್ಯಾನ್ ತರುತ್ತೇವೆ, ಟ್ಯಾಂಕಿನ ಹಳೆ ನೀರು 60 ಗ್ಯಾಲನ್ ತರುತ್ತೇವೆ, ನೀವು ನಿಶ್ಚಿಂತೆಯಿಂದ ಇರಿ ಅಂದರು. ನಾನೂ ನಿಶ್ಚಿಂತೆಯಿಂದ ಇದ್ದೆ, ಒಂದು ಮಾತನ್ನೂ ಬರೆಸಿಕೊಳ್ಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬಾಗಿಲಿಗೆ ಬಂದದ್ದು ಬಾಡಿಗೆಯ ಬಾಕ್ಸ್ ಟ್ರಕ್. ಅದರಲ್ಲಿ ಏಸಿ ಇರುವುದು ಡ್ರೈವರ್ ಕೂರುವ ಕಡೆ ಮಾತ್ರ, ಹಿಂದಿನದು ಬರೀ ಡಬ್ಬ. ಜುಲೈ ತಿಂಗಳು, ಹೊರಗೆ 43 ಡಿಗ್ರಿ. ಹವಳಕ್ಕೆ ಬೇಕಾದದ್ದು 25, 26. ಆಗಲೇ ಬೇಡ ಅನ್ನಬೇಕಿತ್ತು ಅಲ್ವಾ? ಆದರೆ ಮಧ್ಯಾಹ್ನದೊಳಗೆ ಮನೆ ಕೀ ವಾಪಸ್ ಕೊಡಬೇಕು, ಹೆಂಡತಿ ಮಗಳು ಆಗಲೇ ಕಾರಿನಲ್ಲಿ ಕೂತಿದ್ದಾರೆ, ಸುಮ್ನೆ ತಲೆ ಆಡಿಸಿದೆ.

ಪ್ಯಾಕ್ ಮಾಡಿದ ರೀತಿ ನೋಡಿಯೇ ಹೊಟ್ಟೆ ತೊಳಸಿತು. ಹವಳಗಳನ್ನೆಲ್ಲ ಒಂದೇ ಬ್ಯಾರಲ್ಲಿಗೆ ಹಾಕಿದರು. ಟಾರ್ಚ್ ಕೋರಲ್ ಅನ್ನುವ ಹವಳ ನೋಡೋಕೆ ಹೂವಿನ ಹಾಗೆ ಇರುತ್ತದೆ, ಆದರೆ ಪಕ್ಕದಲ್ಲಿ ಇರುವುದನ್ನು ಕುಟುಕುತ್ತದೆ. ಒಂದೊಂದನ್ನೂ ಥರ್ಮೋಕೋಲ್ ತುಂಡಿಗೆ ರಬ್ಬರ್ ಬ್ಯಾಂಡ್ ಹಾಕಿ, ತಲೆಕೆಳಗಾಗಿ ನೀರಲ್ಲಿ ತೇಲುವ ಹಾಗೆ ಬೇರೆ ಬೇರೆ ಚೀಲದಲ್ಲಿ ಕಟ್ಟಬೇಕು. ಹೇಳಿದೆ. "ಟೈಮ್ ಇಲ್ಲ ಸರ್" ಅಂತ ಉತ್ತರ ಬಂತು.

ಮೀನು ಮಾತ್ರ ನನ್ನ ಕಾರಿನಲ್ಲಿ. ಕ್ಲೌನ್ ಜೋಡಿ ಮತ್ತು ಒಂದು ಗೋಬಿ ಮೀನು ಮುಚ್ಚಳದ ಬಕೆಟ್ಟಿನಲ್ಲಿ, ಬ್ಯಾಟರಿ ಏರ್ ಪಂಪ್ ಹಾಕಿ. ಯೆಲ್ಲೋ ಟ್ಯಾಂಗ್ ಅನ್ನುವ ಹಳದಿ ಮೀನು, ಟ್ರಕ್ಕಿನವರೇ ಕಟ್ಟಿಕೊಟ್ಟ ಆಕ್ಸಿಜನ್ ಚೀಲದಲ್ಲಿ. ಮಗಳು ಅದಕ್ಕೆ ನಿಂಬೆ ಅಂತ ಹೆಸರಿಟ್ಟಿದ್ದಳು. ಸುಮಾರು 1,700 ಕಿಲೋಮೀಟರ್ ದಾರಿ. ರಾತ್ರಿ ಎಲ್ ಪಾಸೋದಲ್ಲಿ ತಂಗಿದೆವು. ಮಾರನೇ ದಿನ ಸಿಯೆರಾ ಬ್ಲಾಂಕಾ ಹತ್ತಿರ ಬಾರ್ಡರ್ ಪ್ಯಾಟ್ರೋಲ್ ತಪಾಸಣೆಯಲ್ಲಿ ಬಕೆಟ್ಟಿನ ಗುರ್ ಗುರ್ ಸದ್ದು ಕೇಳಿ ಅಧಿಕಾರಿ ಮುಚ್ಚಳ ತೆಗೆಸಿದ. ಎರಡು ಮೀನು ಅವನನ್ನೇ ದಿಟ್ಟಿಸಿದವು. ಆ ಪ್ರಯಾಣದಲ್ಲಿ ನಾವು ನಕ್ಕಿದ್ದು ಅದೊಂದೇ ಸಲ.

ಟ್ರಕ್ಕಿನವನು ಎಲ್ ಪಾಸೋದಲ್ಲೇ ಬೆಳಿಗ್ಗೆ 11ರ ತನಕ ಮಲಗಿದ್ದನಂತೆ, ಗಾಡಿ ಬಿಸಿಲಲ್ಲಿ ನಿಲ್ಲಿಸಿ. ರಾತ್ರಿ ಡಲ್ಲಾಸಿಗೆ ಬಂದ. ಬ್ಯಾರಲ್ ಮುಚ್ಚಳ ತೆಗೆದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. ಕೈ ಇಟ್ಟರೆ ಬೆಚ್ಚಗೆ. ಟಾರ್ಚ್ ಎತ್ತಿದೆ, ಮಾಂಸವೆಲ್ಲ ರಾಗಿ ಗಂಜಿಯ ಹಾಗೆ ಬೆರಳ ಸಂದಿಯಲ್ಲಿ ಜಾರಿಹೋಯಿತು, ಕೈಯಲ್ಲಿ ಉಳಿದದ್ದು ಬಿಳಿ ಎಲುಬು. ಹಳೆ ನೀರು ತಂದಿದ್ದು 60 ಅಲ್ಲ, 30 ಗ್ಯಾಲನ್.

ಇಷ್ಟೆಲ್ಲ ಅವರ ತಪ್ಪು. ಇನ್ನು ನನ್ನದು ಕೇಳಿ, ಅದೇ ಜಾಸ್ತಿ.

ಹೊಸ ಮನೆಯಲ್ಲಿ ಒಂದು ತೊಟ್ಟು ಉಪ್ಪುನೀರು ತಯಾರಿರಲಿಲ್ಲ. ಡಲ್ಲಾಸಿನ ನಲ್ಲಿ ನೀರಿಗೆ ಕ್ಲೋರಮೈನ್ ಅನ್ನುವ ಕ್ರಿಮಿನಾಶಕ ಹಾಕುತ್ತಾರೆ, ಹಾಗೇ ಬಳಸುವಂತಿಲ್ಲ. ನನ್ನ ಆರ್‌ಓ ಫಿಲ್ಟರ್ ದಿನಕ್ಕೆ ಕೊಡುವುದು 75 ಗ್ಯಾಲನ್. ಟ್ಯಾಂಕ್ ತುಂಬಲು ಒಂದೂವರೆ ದಿನಕ್ಕಿಂತ ಜಾಸ್ತಿ, ಅದಕ್ಕೆ 16 ಕಿಲೋ ಉಪ್ಪು ಕಲಸಿ, ಬಿಸಿ ಮಾಡಿ, ರಾತ್ರಿಯಿಡೀ ತಿರುಗಿಸಬೇಕು. ಬದುಕಿದ್ದ ಹವಳಗಳು ಅಲ್ಲಿಯವರೆಗೆ ಪ್ಲಾಸ್ಟಿಕ್ ಡಬ್ಬದಲ್ಲಿ ಕಾದವು.

ನಿಂಬೆಯನ್ನು ಕೊಂದಿದ್ದು ಬಿಸಿಲಲ್ಲ, ನಾನೇ. 30 ಗಂಟೆ ಬಾಯಿ ಕಟ್ಟಿದ ಚೀಲದಲ್ಲಿ ಮೀನಿನ ಗಲೀಜಿನಿಂದ ಅಮೋನಿಯ ಸೇರುತ್ತದೆ. ಅದರ ಜೊತೆ ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಕೂಡ ಸೇರಿ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಇಳಿದಿರುತ್ತದೆ, ಆದ್ದರಿಂದ ಆ ಅಮೋನಿಯ ಅಷ್ಟಾಗಿ ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗಾಳಿಯಾಡಿ ಪಿಎಚ್ ಏರುತ್ತದೆ, ಅಲ್ಲಿಂದ ಅದು ನಿಜವಾದ ವಿಷ. ಅಂಗಡಿಯಿಂದ ತಂದ ಮೀನಿಗೆ ಮಾಡುವ ಹಾಗೆ ನಾನು ಚೀಲ ಬಿಚ್ಚಿ, ಎರಡು ಗಂಟೆ ಹನಿ ಹನಿಯಾಗಿ ಬೇರೆ ನೀರು ಬಿಟ್ಟುಕೊಂಡು ಕೂತೆ. ಅಷ್ಟು ಹೊತ್ತೂ ಅದು ಆ ವಿಷದಲ್ಲೇ ಇತ್ತು. ಮೊದಲೇ ಉಪ್ಪು ಮತ್ತು ಬಿಸಿ ಹೊಂದಿಸಿದ ನೀರು ಇಟ್ಟುಕೊಂಡು, ಬಿಚ್ಚಿದ ತಕ್ಷಣ ಮೀನನ್ನು ಅದಕ್ಕೆ ದಾಟಿಸಬೇಕಿತ್ತು. ಬೆಳಿಗ್ಗೆ ಮಗಳಿಗೆ ಹೇಳೋದೇ ಕಷ್ಟವಾಯಿತು.

ಕೊನೆಯದು ಮರಳು. ಆರು ವರ್ಷದ ಕೊಳೆ ಕೂತಿದ್ದ ಮರಳನ್ನು ದುಡ್ಡು ಉಳಿಸೋಕೆ ತೊಳೆಯದೇ ಹಾಗೇ ಸುರಿದೆ. ಕೊಳೆತ ಮೊಟ್ಟೆ ವಾಸನೆ. ಮಾರನೇ ದಿನ ಅಮೋನಿಯ ಪರೀಕ್ಷೆಯ ಟೆಸ್ಟ್ ಟ್ಯೂಬ್ ಕಡು ಹಸಿರು, ಅಂದರೆ ಅಮೋನಿಯ ವಿಪರೀತ. ಬಿಸಿಲಲ್ಲಿ ಬೆಂದ ಟ್ಯಾಂಕಿನ ಕಲ್ಲುಗಳ ಮೇಲಿನ ಬ್ಯಾಕ್ಟೀರಿಯಾವೂ ಸತ್ತಿತ್ತು, ಆ ಅಮೋನಿಯ ತಿನ್ನುವವರು ಯಾರು? ಕ್ಲೌನ್ ಜೋಡಿಯನ್ನು ವಾಪಸ್ ಬಕೆಟ್ಟಿಗೆ ಎತ್ತಿದೆ, ಗೋಬಿ ಸಿಗಲಿಲ್ಲ. ಉಳಿದ ಹವಳಗಳೂ ವಾರದೊಳಗೆ ಹೋದವು.

ಇನ್ನೊಮ್ಮೆ ಊರು ಬಿಡುವುದಾದರೆ ಹವಳ, ಮೀನು ಎಲ್ಲ ಅಲ್ಲೇ ಹವ್ಯಾಸಿಗಳಿಗೆ ಕೊಟ್ಟು, ಗಾಜು, ಪಂಪು, ದೀಪ ಮಾತ್ರ ಒಯ್ಯುತ್ತೇನೆ. ಕೊಡೋಕೆ ಮನಸ್ಸೇ ಬರಲ್ಲ ಅನ್ನುವವರು ಒಂದು ವಾರ ಮುಂಚೆ ಹೋಗಿ ಅಲ್ಲಿ ಸಣ್ಣ ಟ್ಯಾಂಕಾದರೂ ಓಡಿಸಿಟ್ಟು ಬನ್ನಿ, ಹವಳವನ್ನು ನಿಮ್ಮ ಕಾರಿನ ಏಸಿಯಲ್ಲೇ ತನ್ನಿ. (ಊರಿನ ಗೆಳೆಯರು ಆಸೆಪಡಬೇಡಿ. ನಮ್ಮ ಸಮುದ್ರದ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಮುಟ್ಟಿದರೆ ಕೇಸು.) ಕುಂದಾಪುರದಿಂದ ಅಮ್ಮ ಫೋನಿನಲ್ಲಿ, "ಸಮುದ್ರದ ಪಕ್ಕ ಹುಟ್ಟಿದವನು ದುಡ್ಡು ಕೊಟ್ಟು ಉಪ್ಪುನೀರು ಮಾಡ್ತೀಯಲ್ಲ ಮಗಾ" ಅಂದರು. ಏನು ಹೇಳಲಿ.

ಸತ್ತ ಕಲ್ಲುಗಳನ್ನು ಮೊನ್ನೆ ಬಾತ್ರೂಮಿನಲ್ಲಿ ಕುದಿಯುವ ನೀರು ಹಾಕಿ ಉಜ್ಜೋಣ ಅಂತ ಹೊರಟಿದ್ದೆ. ಪುಣ್ಯಕ್ಕೆ ಗೆಳೆಯನೊಬ್ಬ ತಡೆದ. ಅವುಗಳ ಮೇಲೆ ಜೋಯಾಂಥಿಡ್ ಅನ್ನುವ, ಹವಳದ ಜಾತಿಗೆ ಹತ್ತಿರದ ಜೀವಿಗಳು ಇದ್ದವು. ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕುದಿಸಿದರೆ ಅದು ಹಬೆಯಲ್ಲಿ ಮೂಗಿಗೆ ಹೋಗುತ್ತದೆ, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಉಜ್ಜಿದರೆ ಕೈ ಗಾಯದಿಂದ, ಕಣ್ಣಿಗೆ ಹಾರಿದ ಹನಿಯಿಂದ ಒಳಗೆ ಹೋಗಬಹುದು. ಕಲ್ಲುಗಳು ಈಗ ಗ್ಯಾರೇಜಿನಲ್ಲಿ ಮುಚ್ಚಿದ ಡಬ್ಬದಲ್ಲಿವೆ, ಮಗಳ ಕೈಗೆ ಸಿಗದ ಹಾಗೆ ಮೇಲಿನ ಶೆಲ್ಫಿನಲ್ಲಿ.